ದಂಡ ಮತ್ತು ದಾಕ್ಷಿಣ್ಯ

ನ್ಯೂಯಾರ್ಕಿನ ಮ್ಯಾನ್‌ಹಾಟನ್‌ನಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವುದು ದೊಡ್ಡ ತಲೆನೋವು. ವಿಶ್ವಸಂಸ್ಥೆಯ ಮುಖ್ಯ ಕಚೇರಿ ಇರುವುದೂ ಅಲ್ಲೇ. ಹೆಚ್ಚುಕಡಿಮೆ ಎಲ್ಲ ದೇಶಗಳ ರಾಜತಾಂತ್ರಿಕ ಅಧಿಕಾರಿಗಳು ಸಂಸಾರ ಸಮೇತ ಬಂದು ಆ ಊರಿನಲ್ಲಿ ನೆಲೆಸುತ್ತಾರೆ. 2002ರವರೆಗೆ ಅವರಿಗೊಂದು ಸವಲತ್ತಿತ್ತು. ನಿಲ್ಲಿಸಬಾರದ ಕಡೆ ಕಾರು ಬಿಟ್ಟು ಹೋದರೆ ಎಲ್ಲರಿಗೂ ಬೀಳುವ ಹಾಗೆ ಇವರಿಗೂ ದಂಡದ ಚೀಟಿ ಬೀಳುತ್ತಿತ್ತು. ಆದರೆ ಕಟ್ಟಲೇಬೇಕು ಎನ್ನುವ ಬಲವಂತ ಇರಲಿಲ್ಲ. ರಾಜತಾಂತ್ರಿಕರ ಮೇಲೆ ಅಲ್ಲಿನ ಕಾನೂನು ಕೈ ಮಾಡುವ ಹಾಗಿರಲಿಲ್ಲ. ಚೀಟಿ ಹರಿದು ಬಿಸಾಕಿದರೂ ಯಾರೂ ಕೇಳುತ್ತಿರಲಿಲ್ಲ.

1997ರ ನವೆಂಬರ್‌ನಿಂದ 2002ರ ಕೊನೆಯವರೆಗೆ ಹೀಗೆ ಕಟ್ಟದೆ ಉಳಿದ ಚೀಟಿಗಳು ಒಂದೂವರೆ ಲಕ್ಷಕ್ಕೂ ಜಾಸ್ತಿ. ಬಾಕಿ ಹಣ 1.8 ಕೋಟಿ ಡಾಲರ್ ದಾಟಿತ್ತು. ಅದರಲ್ಲಿ ದೊಡ್ಡ ಪಾಲು ಬಂದದ್ದು ಸಾಮಾನು ಇಳಿಸುವ ಜಾಗದಲ್ಲಿ ಕಾರು ನಿಲ್ಲಿಸಿದ್ದಕ್ಕೆ. ಲಾರಿ ನಿಂತು ಅಂಗಡಿಗೆ ಸರಕು ಇಳಿಸಬೇಕಾದ ಕಡೆ ಯಾವುದೋ ದೇಶದ ಅಧಿಕಾರಿಯ ಕಾರು ನಿಂತಿರುತ್ತಿತ್ತು.

ಈ ಚೀಟಿಗಳ ರಾಶಿಯನ್ನು ರೇ ಫಿಸ್ಮನ್ ಮತ್ತು ಎಡ್ವರ್ಡ್ ಮಿಗೆಲ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಕೂತು ಲೆಕ್ಕ ಹಾಕಿದರು. ಅವರಿಗೆ ಕಾರು ಮುಖ್ಯ ಆಗಿರಲಿಲ್ಲ. ಬಹಳ ಹಳೆಯ ಪ್ರಶ್ನೆಯೊಂದು ಅವರನ್ನು ಕಾಡುತ್ತಿತ್ತು. ಒಂದು ದೇಶದ ಜನ ನಿಯಮ ಪಾಲಿಸುತ್ತಾರೆ ಅಂದರೆ ಅದು ಬೆಳೆದು ಬಂದ ರೂಢಿಯಿಂದಲೋ, ಸಿಕ್ಕಿಬಿದ್ದರೆ ಶಿಕ್ಷೆ ಆಗುತ್ತದೆ ಎಂಬ ಭಯದಿಂದಲೋ? ಸಾಮಾನ್ಯವಾಗಿ ಇವೆರಡನ್ನು ಬಿಡಿಸಿ ನೋಡಲು ಆಗುವುದಿಲ್ಲ. ನಾರ್ವೆಯ ಜನ ನಾರ್ವೆಯ ಪೊಲೀಸರ ಕೆಳಗೇ ಇರುತ್ತಾರೆ. ಆದರೆ ಮ್ಯಾನ್‌ಹಾಟನ್‌ನಲ್ಲಿ ಎಲ್ಲರಿಗೂ ಅದೇ ರಸ್ತೆ, ಅದೇ ಬೋರ್ಡು, ಯಾರಿಗೂ ಭಯವಿಲ್ಲ. ಅಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸ ಅಂದರೆ ಅವರವರು ಊರಿನಿಂದ ಹೊತ್ತು ತಂದದ್ದು ಮಾತ್ರ.

ಫಲಿತಾಂಶ ಓದಿದಾಗ ನಾನು ನಿಜವಾಗಿಯೂ ಬೆರಗಾದೆ. ಸ್ವೀಡನ್, ನಾರ್ವೆ, ಕೆನಡಾ, ಜಪಾನ್ ದೇಶದವರ ಬಾಕಿ ಸೊನ್ನೆ. ಐದು ವರ್ಷ ಯಾರೂ ಕೇಳದಿದ್ದರೂ ಅವರದು ಒಂದು ಚೀಟಿಯೂ ಬಾಕಿ ಇಲ್ಲ. ಇನ್ನೊಂದು ತುದಿಯಲ್ಲಿ ಕುವೈತ್. ಅಲ್ಲಿಂದ ಬಂದ ಅಧಿಕಾರಿ ತಲೆಗೆ, ವರ್ಷಕ್ಕೆ ಸರಾಸರಿ ಸುಮಾರು 250 ಚೀಟಿ. ರಜಾ ದಿನ ಬಿಟ್ಟರೆ ಹತ್ತಿರ ಹತ್ತಿರ ದಿನಕ್ಕೊಂದು! ಈಜಿಪ್ಟ್, ಚಾಡ್, ಸುಡಾನ್, ಬಲ್ಗೇರಿಯಾ ಆಮೇಲಿನ ಸಾಲಿನಲ್ಲಿದ್ದವು. ಒಟ್ಟಾರೆ ನೋಡಿದರೆ ಯಾವ ದೇಶದಲ್ಲಿ ಲಂಚದ ಹಾವಳಿ ಜಾಸ್ತಿಯೋ ಆ ದೇಶದವರ ಬಾಕಿಯೂ ಜಾಸ್ತಿ.

ಬಡತನ ಇದಕ್ಕೆ ಕಾರಣ ಎಂದು ಅನ್ನಿಸಬಹುದು. ಆದರೆ ಕುವೈತ್ ಶ್ರೀಮಂತ ದೇಶ. ಆಫ್ರಿಕಾದ ಬಡ ದೇಶ ಬುರ್ಕಿನಾ ಫಾಸೊದವರ ಬಾಕಿ ಸೊನ್ನೆ. ಲ್ಯಾಟಿನ್ ಅಮೆರಿಕದ ಕೊಲಂಬಿಯಾದ್ದೂ ಸೊನ್ನೆಯೇ. ಈ ಕೊಲಂಬಿಯಾವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ರೂಢಿ ಎಂದರೆ ಏನು ಎಂದು ಯೋಚಿಸಿದಾಗಲೆಲ್ಲ ನನಗೆ ನಮ್ಮ ಬಸ್ ಕಂಡಕ್ಟರುಗಳು ಕಣ್ಣ ಮುಂದೆ ಬರುತ್ತಾರೆ. ಚಿಲ್ಲರೆ ಇಲ್ಲದಿದ್ದರೆ ಕಿವಿಯ ಮೇಲಿನ ಪೆನ್ನು ತೆಗೆದು ಟಿಕೆಟ್ಟಿನ ಹಿಂದೆ 80 ಎಂದು ಗೀಚಿ ಕೊಡುತ್ತಾರೆ. ಅದಕ್ಕೆ ಮೊಹರಿಲ್ಲ, ಸಹಿ ಇಲ್ಲ. ನಾವು ಆ ಚೂರು ಕಾಗದವನ್ನು ಬೆರಳುಗಳ ನಡುವೆ ಹಿಡಿದುಕೊಂಡು ಧೈರ್ಯವಾಗಿ ಕಿಟಕಿಗೆ ಒರಗುತ್ತೇವೆ. ಒಮ್ಮೆ ನಿದ್ದೆಗಣ್ಣಿನಲ್ಲಿ ಮರೆತು ಇಳಿದುಬಿಟ್ಟಿದ್ದೆ. ಬಸ್ಸು ಹೊರಟಿತ್ತು. ಶಿಳ್ಳೆ ಕೇಳಿಸಿತು, ಬಸ್ಸು ನಿಂತಿತು. "ರೀ, ನಿಮ್ಮ ಚಿಲ್ಲರೆ!" ಎಂದು ಕಂಡಕ್ಟರು ಬಾಗಿಲಿನಿಂದ ಕೈ ಚಾಚಿದ್ದರು. ಸುಮ್ಮನಿದ್ದರೆ ದುಡ್ಡು ಅವರಿಗೇ ಉಳಿಯುತ್ತಿತ್ತು. ಕೊಡಬೇಕು ಅಂತ ಅವರಿಗೆ ಅನ್ನಿಸಿತು, ಅಷ್ಟೇ. ಹಾಗೆ ಅನ್ನಿಸುವುದೇ ರೂಢಿ.

ನ್ಯೂಯಾರ್ಕಿನ ಕತೆ ಇಲ್ಲಿಗೆ ನಿಂತಿದ್ದರೆ "ಕೆಲವು ದೇಶದವರೇ ಹಾಗೆ ಬಿಡಿ" ಎಂದು ಹೇಳಿ ಏಳಬಹುದಿತ್ತು. ನಮ್ಮ ಬಗ್ಗೆಯೂ ನಾವು ದಿನಕ್ಕೆ ಹತ್ತು ಸಲ ಹೇಳಿಕೊಳ್ಳುವ ಮಾತು ಅದು: ನಮ್ಮ ಜನವೇ ಸರಿಯಿಲ್ಲ. ಆ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. 2002ರಲ್ಲಿ ಏನಾಯಿತು ನೋಡಿ. ಬಾಕಿ ಉಳಿಸಿಕೊಂಡ ಕಾರುಗಳ ರಾಜತಾಂತ್ರಿಕ ನಂಬರ್ ಪ್ಲೇಟನ್ನು ಕಿತ್ತುಕೊಳ್ಳುವ ಅಧಿಕಾರ ನಗರಕ್ಕೆ ಸಿಕ್ಕಿತು. ಬಾಕಿ ಹಣವನ್ನು ಆಯಾ ದೇಶಕ್ಕೆ ಅಮೆರಿಕ ಕೊಡುವ ನೆರವಿನಲ್ಲಿ ಮುರಿದುಕೊಳ್ಳುವ ನಿಯಮವೂ ಬಂತು. ಕಟ್ಟದ ಚೀಟಿಗಳ ಸಂಖ್ಯೆ ಸುಮಾರು 98 ಶೇಕಡಾ ಇಳಿಯಿತು. ವರ್ಷಕ್ಕೆ 250 ಇದ್ದ ಕುವೈತ್‌ನ ಸರಾಸರಿ ಒಂದಕ್ಕಿಂತ ಕೆಳಗೆ ಬಂತು. ಜನರ ಹುಟ್ಟುಗುಣ ಹೀಗೆ ತಿಂಗಳೊಪ್ಪತ್ತಿನಲ್ಲಿ ಬದಲಾಗುತ್ತದಾ?

ಹಾಗಾದರೆ ಎಲ್ಲದಕ್ಕೂ ದಂಡ ಹಾಕಿದರೆ ಮುಗಿಯಿತಲ್ವಾ? ಅಲ್ಲೇ ಎಡವುವುದು.

1998ರಲ್ಲಿ ಇಸ್ರೇಲಿನ ಹೈಫಾ ನಗರದ ಹತ್ತು ಡೇ ಕೇರ್‌ಗಳಲ್ಲಿ ಒಂದು ಪ್ರಯೋಗ ನಡೆಯಿತು. ಮಾಡಿದವರು ಯೂರಿ ಗ್ನೀಜಿ ಮತ್ತು ಆಲ್ಡೊ ರುಸ್ತಿಕಿನಿ. ಸಂಜೆ ನಾಲ್ಕಕ್ಕೆ ಡೇ ಕೇರ್ ಮುಚ್ಚುತ್ತದೆ. ಕೆಲವು ಅಪ್ಪ ಅಮ್ಮಂದಿರು ತಡವಾಗಿ ಬರುತ್ತಾರೆ. ಚೀಲ ಹೆಗಲಿಗೆ ಹಾಕಿಸಿಕೊಂಡ ಮಗು ಬಾಗಿಲ ಕಡೆ ನೋಡುತ್ತಾ ಕೂತಿರುತ್ತದೆ. ಮನೆಗೆ ಹೋಗಬೇಕಾದ ಟೀಚರು ಪಕ್ಕದಲ್ಲಿ ಕಾಯಬೇಕು. ಮೊದಲ ನಾಲ್ಕು ವಾರ ಸುಮ್ಮನೆ ಲೆಕ್ಕ ಇಟ್ಟರು. ಆಮೇಲೆ ಆರು ಕಡೆ ನಿಯಮ ತಂದರು: ಹತ್ತು ನಿಮಿಷಕ್ಕಿಂತ ತಡವಾದರೆ ಒಂದು ಮಗುವಿಗೆ ಹತ್ತು ಶೆಕೆಲ್ (ಇಸ್ರೇಲಿನ ಹಣ) ಲೆಕ್ಕದಲ್ಲಿ ಅಪ್ಪ ಅಮ್ಮಂದಿರಿಗೆ ದಂಡ. ಉಳಿದ ನಾಲ್ಕು ಕಡೆ ಮೊದಲಿನಂತೆಯೇ ಬಿಟ್ಟರು.

ದಂಡ ಹಾಕಿದ ಕಡೆ ತಡವಾಗಿ ಬರುವವರು ಕಡಿಮೆಯಾಗಲಿಲ್ಲ. ಕೆಲವೇ ವಾರಗಳಲ್ಲಿ ಹೆಚ್ಚುಕಡಿಮೆ ದುಪ್ಪಟ್ಟಾದರು!

ಯಾಕೆ ಅಂತ ಯೋಚಿಸಿದರೆ ನಮ್ಮ ಒಂದು ಮಾತಿನಲ್ಲಿ ಉತ್ತರ ಇದೆ ಅನ್ನಿಸುತ್ತದೆ: ದಾಕ್ಷಿಣ್ಯ. ಮೊದಲು ತಡವಾದರೆ ತಾಯಿ ಓಡೋಡಿ ಬರುತ್ತಿದ್ದಳು. "ತಪ್ಪಾಯ್ತು ಮಿಸ್, ಬಸ್ಸು ಸಿಗಲಿಲ್ಲ" ಅನ್ನುವ ಸಂಕೋಚ ಇರುತ್ತಿತ್ತು. ಟೀಚರು ಕಾದದ್ದು ಉಪಕಾರ. ಉಪಕಾರವನ್ನು ಪದೇಪದೇ ಕೇಳಲು ಮುಖ ಬರುವುದಿಲ್ಲ. ಹತ್ತು ಶೆಕೆಲ್ ಎಂದು ಬೋರ್ಡು ಬಿದ್ದ ದಿನ ಆ ಉಪಕಾರಕ್ಕೆ ರೇಟು ಕಟ್ಟಿದಂತಾಯಿತು. ದುಡ್ಡು ಕೊಟ್ಟ ಮೇಲೆ ದಾಕ್ಷಿಣ್ಯ ಯಾಕೆ? ಆ ಊರಿನಲ್ಲಿ ಮಗು ನೋಡಿಕೊಳ್ಳಲು ಒಬ್ಬರನ್ನು ಇಟ್ಟುಕೊಂಡರೆ ಗಂಟೆಗೆ ಅದಕ್ಕಿಂತ ಜಾಸ್ತಿ ಕೊಡಬೇಕಿತ್ತು. ಇದೇ ಅಗ್ಗ.

ನನ್ನನ್ನು ಹೆಚ್ಚು ಕಲಕಿದ್ದು ಆಮೇಲಿನ ಸಂಗತಿ. ಹದಿನೇಳನೇ ವಾರ ದಂಡವನ್ನು ಎತ್ತಿಬಿಟ್ಟರು. ತಡವಾಗಿ ಬರುವವರು ಮೊದಲಿನ ಮಟ್ಟಕ್ಕೆ ಇಳಿಯಲಿಲ್ಲ. ದಂಡ ಹೋಯಿತು, ಹೋದ ಸಂಕೋಚ ಮಾತ್ರ ವಾಪಸು ಬರಲಿಲ್ಲ.

2023ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ ಬಾಕಿ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟರಲ್ಲ, ಆಗ ನನಗೆ ಹೈಫಾ ನೆನಪಾಯಿತು. ಜನ ಸಾಲುಗಟ್ಟಿ ಕಟ್ಟಿದರು, ಕೆಲವೇ ದಿನಗಳಲ್ಲಿ 100 ಕೋಟಿ ರೂಪಾಯಿಗೂ ಜಾಸ್ತಿ ಬಂತು. ಖಜಾನೆಗೆ ಒಳ್ಳೆಯದೇ. ಆದರೆ ಸಿಗ್ನಲ್ ಹಾರಿದ್ದಕ್ಕೆ ಹಾಕಿದ ದಂಡಕ್ಕೂ ಹಬ್ಬದ ಬಟ್ಟೆಗೂ ಒಂದೇ ರೀತಿ ರಿಯಾಯಿತಿ ಸಿಗುವುದಾದರೆ, ಸಿಗ್ನಲ್ ಹಾರುವುದು ತಪ್ಪು ಎನ್ನುವ ಭಾವನೆ ಎಷ್ಟು ದಿನ ಉಳಿದೀತು? ಮಕ್ಕಳು ಹಿಂದಿನ ಸೀಟಿನಲ್ಲಿ ಕೂತು ಇದನ್ನೆಲ್ಲ ನೋಡುತ್ತಿರುತ್ತಾರೆ.

ಈಗ ಕೊಲಂಬಿಯಾಕ್ಕೆ ಬರೋಣ. ಅದರ ರಾಜಧಾನಿ ಬೊಗೊಟಾ ಒಂದು ಕಾಲಕ್ಕೆ ಕೊಲೆ, ಲಂಚ, ರಸ್ತೆ ಸಾವುಗಳಿಗೆ ಹೆಸರಾಗಿತ್ತು. 1995ರಲ್ಲಿ ಅಲ್ಲಿ ಮೇಯರ್ ಆದವರು ಆಂಟಾನಸ್ ಮೊಕಸ್. ಗಣಿತ, ತತ್ವಶಾಸ್ತ್ರ ಓದಿದ ಮೇಷ್ಟರು. ಲಂಚಕ್ಕೆ ಹೆಸರಾಗಿದ್ದ ಟ್ರಾಫಿಕ್ ಪೊಲೀಸ್ ಪಡೆಯನ್ನೇ ಅವರು ಮುಚ್ಚಿದರು. ಜೊತೆಗೆ ಮುಖಕ್ಕೆ ಬಿಳಿ ಬಳಿದುಕೊಂಡ ಮೂಕಾಭಿನಯದ ಕಲಾವಿದರನ್ನು ರಸ್ತೆಗೆ ಇಳಿಸಿದರು. ಮೊದಲು ಇಪ್ಪತ್ತು ಮಂದಿ, ಆಮೇಲೆ ನಾನೂರಕ್ಕೂ ಹೆಚ್ಚು. ಯಾರೋ ಜೀಬ್ರಾ ಪಟ್ಟೆಯ ಮೇಲೆ ಕಾರು ನಿಲ್ಲಿಸಿದರೆ ಕಲಾವಿದ ಎದುರಿಗೆ ಬಂದು ಅವರದೇ ಗತ್ತನ್ನು ಅಭಿನಯಿಸಿ ತೋರಿಸುತ್ತಿದ್ದ. ಕೈಯಲ್ಲಿ ಲಾಠಿ ಇಲ್ಲ, ರಸೀದಿ ಪುಸ್ತಕ ಇಲ್ಲ, ಬಾಯಲ್ಲಿ ಮಾತೂ ಇಲ್ಲ. ಫುಟ್‌ಪಾತಿನಲ್ಲಿದ್ದವರು ನಗುತ್ತಿದ್ದರು. ಕಾರು ಮೆಲ್ಲಗೆ ಹಿಂದಕ್ಕೆ ಸರಿಯುತ್ತಿತ್ತು. ಜನಕ್ಕೆ ಮೂರೂವರೆ ಲಕ್ಷ ಕಾರ್ಡು ಹಂಚಿದರು. ಕೆಲವದರಲ್ಲಿ ಹೆಬ್ಬೆರಳು ಮೇಲಕ್ಕೆ, ಕೆಲವದರಲ್ಲಿ ಕೆಳಕ್ಕೆ. ಚೆನ್ನಾಗಿ ಓಡಿಸಿದವರಿಗೆ ಒಂದು, ಅಡ್ಡಾದಿಡ್ಡಿ ನುಗ್ಗಿದವರಿಗೆ ಇನ್ನೊಂದು ತೋರಿಸುವುದು. ಪಾದಚಾರಿಗಳು ಸತ್ತ ಜಾಗಗಳಲ್ಲಿ ರಸ್ತೆಯ ಮೇಲೆ ನಕ್ಷತ್ರ ಬಿಡಿಸಿದರು.

ವರ್ಷಕ್ಕೆ ಸುಮಾರು 1,300 ಇದ್ದ ರಸ್ತೆ ಸಾವುಗಳು ಮುಂದಿನ ವರ್ಷಗಳಲ್ಲಿ 600ರ ಆಸುಪಾಸಿಗೆ ಇಳಿದವು. ಇದೆಲ್ಲ ಬರೀ ಅಭಿನಯದಿಂದ ಆಯಿತು ಎಂದು ನಾನು ಹೇಳುವುದಿಲ್ಲ. ಬಾರ್‌ಗಳನ್ನು ಬೇಗ ಮುಚ್ಚಿಸುವ ನಿಯಮದಂಥವೂ ಅದೇ ಕಾಲದಲ್ಲಿ ಬಂದವು. ಆದರೆ ಹೈಫಾದಲ್ಲಿ ದಂಡ ಯಾವುದನ್ನು ಅಳಿಸಿತೋ ಅದನ್ನು ಬೊಗೊಟಾದ ಆಡಳಿತ ಬೇಕೆಂದೇ ಬೆಳೆಸಿತು. ನಾಲ್ಕು ಜನ ನೋಡುತ್ತಿದ್ದಾರೆ, ಅವರಿಗೂ ಇದು ತಪ್ಪು ಅನ್ನಿಸುತ್ತದೆ ಎಂಬ ಅರಿವು ನಡುರಸ್ತೆಯಲ್ಲೇ ಕಣ್ಣಿಗೆ ಕಾಣುವಂತಾಯಿತು.

ಮೊಕಸ್ 2001ರಲ್ಲಿ ಮತ್ತೆ ಮೇಯರ್ ಆದರು. ಮರುವರ್ಷ, ನ್ಯೂಯಾರ್ಕ್ ಆ ಕಾರುಗಳ ನಂಬರ್ ಪ್ಲೇಟಿಗೆ ಕೈ ಹಾಕಿದ ಅದೇ 2002ರಲ್ಲಿ, ಅವರು ಬೊಗೊಟಾದ ಜನರ ಮುಂದೆ ಒಂದು ಕೋರಿಕೆ ಇಟ್ಟರು. ಕಟ್ಟಬೇಕಾದ ತೆರಿಗೆಯ ಮೇಲೆ ಹತ್ತು ಶೇಕಡಾ ಹೆಚ್ಚಿಗೆ ಕೊಡಿ, ಮನಸ್ಸಿದ್ದರೆ ಮಾತ್ರ. ಕೊಡದಿದ್ದರೆ ದಂಡವಿಲ್ಲ, ಕೊಟ್ಟರೆ ರಿಯಾಯಿತಿಯೂ ಇಲ್ಲ. 63,000 ಮಂದಿ ಕೊಟ್ಟರು.