ಸ್ಪ್ಲಿಟ್ ಎಸಿ: ಯಾವ ಕೆಲಸ ನಿಮ್ಮದು, ಯಾವುದು ಮೆಕ್ಯಾನಿಕ್‌ದು

ಬೇಸಿಗೆ ಬಂತೆಂದರೆ ನಮ್ಮ ಅಂಗಡಿಗೆ ಈ ಫೋನು ಬರುತ್ತಲೇ ಇರುತ್ತದೆ. "ಸರ್, ಆನ್‌ಲೈನಲ್ಲಿ ಎಸಿ ತರಿಸಿದ್ದೀನಿ. ಡ್ರಿಲ್ ಮಷಿನ್ ಇದೆ, ವಿಡಿಯೊ ನೋಡಿದ್ದೀನಿ. ನಾನೇ ಫಿಟ್ ಮಾಡ್ಕೋಬಹುದಾ?"

ಅರ್ಧಕ್ಕಿಂತ ಜಾಸ್ತಿ ಕೆಲಸ ಮಾಡ್ಕೋಬಹುದು. ಎಸಿ ಆರಿಸುವುದು, ಜಾಗ ನೋಡುವುದು, ಗೋಡೆ ರೆಡಿ ಮಾಡಿಸುವುದು, ನೀರು ಹೋಗುವ ದಾರಿ ಪರೀಕ್ಷಿಸುವುದು, ಇವೆಲ್ಲ ನಿಮ್ಮ ಕೆಲಸವೇ. ಎಸಿ ಹಾಕುವವನಿಗಿಂತ ನಿಮ್ಮ ಮನೆ ನಿಮಗೇ ಚೆನ್ನಾಗಿ ಗೊತ್ತು. ಆದರೆ ತಾಮ್ರದ ಪೈಪಿನ ಹತ್ತಿರ ಬಂದಾಗ ಸ್ಪಾನರ್ ಕೆಳಗಿಡಿ. ಅಲ್ಲಿಂದ ಮುಂದೆ ನಿಮ್ಮ ಕೆಲಸ ಕಣ್ಣಿಟ್ಟು ನೋಡುವುದು.

ಅಮೆರಿಕದಲ್ಲಿರುವ ನಮ್ಮವರು ಕೆಲವರು ತಾವೇ ಕೂರಿಸಿಕೊಂಡ ಎಸಿಯ ಫೋಟೊ ಕಳಿಸುತ್ತಾರೆ. ಅಲ್ಲಿ ಪೈಪಿನೊಳಗೇ ಗ್ಯಾಸ್ ತುಂಬಿ ಸೀಲ್ ಮಾಡಿದ ಕಿಟ್ ಸಿಗುತ್ತದೆ. ಜೋಡಿಸಿ ಬಿಗಿ ಮಾಡಿದರೆ ಆಯಿತು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಎಸಿ ಹಾಗಲ್ಲ. ಗ್ಯಾಸ್ ಎಲ್ಲಾ ಔಟ್‌ಡೋರ್ ಯೂನಿಟ್ ಒಳಗಿರುತ್ತದೆ, ಪೈಪ್ ಖಾಲಿ. ಆ ಖಾಲಿ ಪೈಪಿನಲ್ಲೇ ಎಲ್ಲಾ ತೊಂದರೆ ಶುರುವಾಗುವುದು.

ಮೊದಲು ಆಯ್ಕೆ. ಒಂದು ಟನ್ ಅಂದರೆ ಸುಮಾರು 3.5 ಕಿಲೋವ್ಯಾಟ್ ತಂಪು. ನೂರರಿಂದ ನೂರಿಪ್ಪತ್ತು ಚದರಡಿ ಕೋಣೆಗೆ ಒಂದು ಟನ್, ನೂರೈವತ್ತು ದಾಟಿದರೆ ಒಂದೂವರೆ ಟನ್ ಎಂದು ಅಂಗಡಿಯವರು ಹೇಳುತ್ತಾರೆ. ಅಂದಾಜಿಗೆ ಸರಿ. ಆದರೆ ಚದರಡಿಗಿಂತ ಬಿಸಿಲೇ ಮುಖ್ಯ. ಮೇಲೆ ತಾರಸಿ, ಪಶ್ಚಿಮಕ್ಕೆ ದೊಡ್ಡ ಕಿಟಕಿ ಇರುವ ಕೋಣೆಗೂ ಕೆಳಗಿನ ಮಹಡಿಯಲ್ಲಿ ನೆರಳಿರುವ ಅಷ್ಟೇ ಅಗಲದ ಕೋಣೆಗೂ ಒಂದೇ ಲೆಕ್ಕ ನಡೆಯುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಸೀಲಿಂಗಿಗೆ ಕೈ ಇಟ್ಟು ನೋಡಿ. ಇನ್ನೂ ಬಿಸಿ ಇದ್ದರೆ ಆ ಕಾಂಕ್ರೀಟು ಬೆಳಗಿನ ಜಾವದ ತನಕ ಕೋಣೆಗೆ ಶಾಖ ಬಿಡುತ್ತಿರುತ್ತದೆ. ಎಸಿಗೆ ದುಡ್ಡು ಹಾಕುವ ಮೊದಲು ತಾರಸಿಗೆ ಬಿಳಿ ಕೂಲ್ ಪೇಂಟ್ ಹೊಡೆಸಿ, ಕಿಟಕಿಗೆ ಹೊರಗಿನಿಂದ ನೆರಳು ಮಾಡಿಸಿ. ಒಂದೂವರೆ ಟನ್ ಬೇಕಿದ್ದ ಕಡೆ ಒಂದು ಟನ್ನೇ ಸಾಕಾಗಬಹುದು.

"ಇರಲಿ, ದೊಡ್ಡದೇ ತಗೊಳ್ಳೋಣ" ಎನ್ನುವವರು ತುಂಬಾ. ಮಂಗಳೂರು, ಕಾರವಾರದ ಕಡೆ ಇದು ತಪ್ಪು ಲೆಕ್ಕ. ಅಲ್ಲಿ ಕಾಟ ಕೊಡುವುದು ಬಿಸಿಗಿಂತ ಸೆಖೆ. ದೊಡ್ಡ ಎಸಿ ಕೋಣೆಯನ್ನು ಬೇಗ ತಣ್ಣಗೆ ಮಾಡಿ ನಿಂತುಬಿಡುತ್ತದೆ. ಗಾಳಿಯ ತೇವ ಹಿಂಡುವುದಕ್ಕೆ ಸಮಯವೇ ಸಿಗುವುದಿಲ್ಲ. ಮೈಗೆ ತಂಪು, ಆದರೆ ಹಾಸಿಗೆ ಮಾತ್ರ ತೇವ. ಇನ್ವರ್ಟರ್ ಎಸಿ ನಿಧಾನವಾಗಿ ಓಡಬಲ್ಲದು, ಆದರೆ ಅದಕ್ಕೂ ಒಂದು ಕನಿಷ್ಠ ಮಿತಿ ಇರುತ್ತದೆ. ಹಾಗಾಗಿ ಕ್ಯಾಟಲಾಗಿನಲ್ಲಿ ಕನಿಷ್ಠ ಸಾಮರ್ಥ್ಯ ಎಷ್ಟಿದೆ ನೋಡಿ. ಕಲಬುರಗಿ, ರಾಯಚೂರಿನವರು ಬೇರೆಯದೇ ಅಂಕಿ ಕೇಳಬೇಕು. ಲೇಬಲ್ಲಿನ ಸಾಮರ್ಥ್ಯವನ್ನು ಹೊರಗೆ 35 ಡಿಗ್ರಿ ಇಟ್ಟು ಅಳೆದಿರುತ್ತಾರೆ. ಏಪ್ರಿಲ್, ಮೇನಲ್ಲಿ ನಿಮ್ಮಲ್ಲಿ 40 ದಾಟಿದಾಗ ಅದೇ ಯಂತ್ರದ ತಂಪು ಕಡಿಮೆಯಾಗುತ್ತದೆ. "52 ಡಿಗ್ರಿಯಲ್ಲೂ ಓಡುತ್ತದೆ" ಎಂಬ ಜಾಹೀರಾತು ಓಡುವ ಬಗ್ಗೆ ಹೇಳುತ್ತದೆ, ಎಷ್ಟು ತಂಪು ಕೊಡುತ್ತದೆ ಎಂದಲ್ಲ.

ಸ್ಟಾರ್ ನೋಡುವಾಗ ಅದರ ಪಕ್ಕದಲ್ಲಿರುವ ಐಸೀರ್ ಅಂಕಿ (ಎಳೆದ ಕರೆಂಟಿಗೆ ಎಷ್ಟು ತಂಪು ಕೊಡುತ್ತದೆ ಎಂಬ ಲೆಕ್ಕ), ವರ್ಷಕ್ಕೆ ಎಳೆಯುವ ಕರೆಂಟಿನ ಯೂನಿಟ್ಟು, ಎರಡನ್ನೂ ಓದಿ. ಸ್ಟಾರ್ ಕೊಡುವ ಅಳತೆ ಆಗಾಗ ಬಿಗಿಯಾಗುತ್ತದೆ. ಗೋಡೌನಿನಲ್ಲಿ ಉಳಿದ ಹಳೆಯ ಐದು ಸ್ಟಾರ್ ಹೊಸ ಲೆಕ್ಕದಲ್ಲಿ ನಾಲ್ಕೋ ಮೂರೋ ಆಗಿರಬಹುದು. ವರ್ಷದ ಯೂನಿಟ್ಟನ್ನು 1,600 ಗಂಟೆಗೆ ಲೆಕ್ಕ ಹಾಕಿರುತ್ತಾರೆ. ಲೇಬಲ್ಲಿನಲ್ಲಿ 800 ಯೂನಿಟ್ ಇದ್ದರೆ ಗಂಟೆಗೆ ಅರ್ಧ ಯೂನಿಟ್ ಆಯಿತು. ರಾತ್ರಿ ಎಂಟು ಗಂಟೆ ಹಾಕಿದರೆ ತಿಂಗಳಿಗೆ 120. ಗೃಹಜ್ಯೋತಿಯಲ್ಲಿರುವ ಮನೆಗಳಿಗೆ ಇದು ದೊಡ್ಡ ಮಾತು. ಈಗ ನಿಮ್ಮ ಮನೆಯಲ್ಲಿ 90 ಯೂನಿಟ್ ಆಗುತ್ತಿದ್ದರೆ ಎಸಿ ಸೇರಿ 210 ಆಗುತ್ತದೆ. 200 ದಾಟಿದ ತಿಂಗಳು ಪೂರ್ತಿ ಬಿಲ್ ನೀವೇ ಕಟ್ಟಬೇಕು. ಈ ಲೆಕ್ಕವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ಮನೆಯಲ್ಲೇ ಹಾಕಿಕೊಂಡು ಹೋಗಿ.

ಇನ್ನು ಜಾಗ. ಇನ್‌ಡೋರ್ ಯೂನಿಟ್ಟಿಗೆ ಜನ ತುಂಬಾ ಯೋಚನೆ ಮಾಡುತ್ತಾರೆ. ಔಟ್‌ಡೋರನ್ನು ಎಲ್ಲೋ ಒಂದು ಕಡೆ ನೇತುಹಾಕಿಸುತ್ತಾರೆ. ನಾನು ಹೇಳುವುದು ಉಲ್ಟಾ. ಮೊದಲು ಔಟ್‌ಡೋರಿಗೆ ಜಾಗ ಹುಡುಕಿ. ಅದು ಬಿಸಿ ಗಾಳಿ ಉಗುಳುವ ಯಂತ್ರ, ಮುಂದೆ ಕನಿಷ್ಠ ಎರಡು ಅಡಿ, ಹಿಂದೆ ಒಂದು ಗೇಣು ಖಾಲಿ ಬೇಕು. ಮುಚ್ಚಿದ ಯುಟಿಲಿಟಿಯಲ್ಲೋ ಕಿರಿದಾದ ಡಕ್ಟಿನಲ್ಲೋ ಇಟ್ಟರೆ ಉಗುಳಿದ ಬಿಸಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಕರಾವಳಿಯಲ್ಲಾದರೆ ಸಮುದ್ರದ ಗಾಳಿ ನೇರ ಬಡಿಯದ ಗೋಡೆ ನೋಡಿ, ಉಪ್ಪಿನ ಅಂಶ ಕಾಯಿಲನ್ನು (ಶಾಖ ಹೊರಬಿಡುವ ಪೈಪಿನ ಜಾಲ) ತಿಂದುಹಾಕುತ್ತದೆ. ಎಲ್ಲಕ್ಕಿಂತ ಮುಖ್ಯ, ಮನುಷ್ಯ ನಿಂತು ಕೆಲಸ ಮಾಡುವ ಜಾಗ ಇರಲಿ. ನಾಲ್ಕನೇ ಮಹಡಿಯಲ್ಲಿ ಒಂದು ಅಡಿಯ ಸಜ್ಜದ ಮೇಲೆ, ಬೆಲ್ಟೂ ಇಲ್ಲದೆ, ಹುಡುಗರು ಮೂವತ್ತು ಕೆಜಿಯ ಯೂನಿಟ್ ಹಿಡಿದು ನಿಲ್ಲುವುದನ್ನು ದಿನವೂ ನೋಡುತ್ತೇನೆ. ಅಂಥ ಜಾಗಕ್ಕೆ ನಮ್ಮ ಹುಡುಗರನ್ನು ನಾನು ಹತ್ತಿಸುವುದಿಲ್ಲ. ಗಿರಾಕಿ ಹೋದರೂ ಪರವಾಗಿಲ್ಲ. ಪೈಪ್ ಇನ್ನೆರಡು ಮೀಟರ್ ಜಾಸ್ತಿಯಾಗಲಿ, ಬಾಲ್ಕನಿಯಲ್ಲೇ ಇಡಿಸಿ.

ಗೋಡೆ ಯಾವುದೆಂದು ತಿಳಿದುಕೊಳ್ಳಿ. ಹಾಲೋ ಬ್ಲಾಕಿನಲ್ಲಿ ಮಾಮೂಲಿ ಆಂಕರ್ ಬೋಲ್ಟ್ ಹಿಡಿಯುವುದಿಲ್ಲ, ಸ್ಟ್ಯಾಂಡನ್ನು ನೆಲಕ್ಕೆ ಕೂರಿಸಿ. ಪೈಪಿಗೆ ಎರಡೂವರೆ ಇಂಚಿನ ತೂತು ಬೇಕು. ಕೋರ್ ಕಟಿಂಗ್ ಮಾಡುವವನಿಗೆ ಪಿಲ್ಲರ್ ಎಲ್ಲಿ, ಬೀಮ್ ಎಲ್ಲಿ ಎಂದು ನೀವೇ ಗುರುತು ಹಾಕಿ ತೋರಿಸಿ. ಕಂಬದ ಕಬ್ಬಿಣ ಕತ್ತರಿಸಿದರೆ ಮತ್ತೆ ಸೇರಿಸುವುದಕ್ಕೆ ಆಗುವುದಿಲ್ಲ. ತೂತು ಹೊರಗಡೆಗೆ ಸ್ವಲ್ಪ ಇಳಿಜಾರಾಗಿರಲಿ.

ಕರೆಂಟು ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ. ಮೇನ್ ಬೋರ್ಡಿನಿಂದ ಎಸಿಗೆಂದೇ ಬೇರೆ ಲೈನ್, ಅದಕ್ಕೆಂದೇ ಎಂಸಿಬಿ, ಮನೆಯ ಎಸಿಗೆ 4 ಚದರ ಮಿಲಿಮೀಟರ್ ತಾಮ್ರದ ವೈರ್, ಗಟ್ಟಿ ಅರ್ತಿಂಗ್. ಗೀಸರಿನ ಪ್ಲಗ್ಗಿಗೆ ಎಸಿ ಸಿಕ್ಕಿಸುವುದು ಬೇಡ.

ಈಗ ತಾಮ್ರ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಪೈಪನ್ನು ಕಟರಿನಿಂದ ಸುತ್ತಿ ಸುತ್ತಿ ಕತ್ತರಿಸಬೇಕು, ಗರಗಸದಿಂದಲ್ಲ. ಕತ್ತರಿಸಿದ ಬಾಯಲ್ಲಿ ಚೂಪಾದ ಅಂಚು ಉಳಿಯುತ್ತದೆ. ಅದನ್ನು ಕೆರೆಯುವಾಗ ಪೈಪಿನ ಬಾಯಿ ನೆಲದ ಕಡೆ ಇರಬೇಕು. ಮೇಲಕ್ಕಿದ್ದರೆ ತಾಮ್ರದ ಪುಡಿ ಒಳಗೆ ಬಿದ್ದು ಒಂದು ದಿನ ಕಂಪ್ರೆಸರ್ ತಲುಪುತ್ತದೆ. ಆಮೇಲೆ ನಟ್ ತೂರಿಸಿ, ಬಾಯನ್ನು ತುತ್ತೂರಿಯ ಹಾಗೆ ಅರಳಿಸುತ್ತಾರೆ. ಅದೇ ಫ್ಲೇರ್. ಅದರ ಒಳಮೈ ಕನ್ನಡಿಯಷ್ಟು ನುಣುಪಾಗಿರಬೇಕು. ಕೂದಲೆಳೆಯಷ್ಟು ಗೀರಿದ್ದರೂ ಕತ್ತರಿಸಿ ಮತ್ತೆ ಮಾಡಬೇಕು. ಒಂದು ಹನಿ ಎಣ್ಣೆ ಹಚ್ಚಿ, ನಟ್ಟನ್ನು ಮೊದಲು ಬೆರಳಿನಲ್ಲೇ ಮೂರು ನಾಲ್ಕು ಸುತ್ತು ಹತ್ತಿಸಿ, ಕೊನೆಗೆ ಎರಡು ಸ್ಪಾನರ್ ಹಿಡಿದು ಬಿಗಿ ಮಾಡಬೇಕು. ಬಿಗಿಯ ಅಳತೆ ಕಾಲಿಂಚಿನ ಪೈಪಿಗೆ 15ರಿಂದ 18 ನ್ಯೂಟನ್ ಮೀಟರ್, ಅರ್ಧ ಇಂಚಿಗೆ 50ರಿಂದ 60. ಸಡಿಲವಿದ್ದರೆ ಲೀಕ್, ಜಾಸ್ತಿ ಬಿಗಿದರೆ ಫ್ಲೇರ್ ಸೀಳಿ ಆರು ತಿಂಗಳಿಗೆ ಲೀಕ್. ವಿಡಿಯೊ ನೋಡಿ ಕಲಿಯುವುದಕ್ಕೆ ಆಗದೇ ಇರುವುದು ಈ ಕೈ ಅಳತೆ.

ಪೈಪ್ ಸೇರಿದ ಮೇಲೆ ಅದರೊಳಗೆ ಏನಿದೆ? ನಮ್ಮೂರಿನ ಗಾಳಿ ಮತ್ತು ಅದರ ತೇವ. ಗಾಳಿ ಗ್ಯಾಸಿನ ಹಾಗೆ ದ್ರವವಾಗುವುದಿಲ್ಲ. ಸುಮ್ನೆ ಒಳಗೆ ಕೂತು ಒತ್ತಡ ಏರಿಸುತ್ತದೆ, ಕರೆಂಟು ಜಾಸ್ತಿ ಎಳೆಯುತ್ತದೆ. ತೇವ ಇನ್ನೂ ಕೆಟ್ಟದ್ದು. ಈಗಿನ, ಆರ್32 ಎಂಬ ಗ್ಯಾಸ್ ತುಂಬಿದ ಎಸಿಗಳ ಕಂಪ್ರೆಸರ್ ಎಣ್ಣೆ ನೀರನ್ನು ಹೀರಿಕೊಳ್ಳುತ್ತದೆ. ನೀರು ಸೇರಿದ ಎಣ್ಣೆಯಲ್ಲಿ ನಿಧಾನವಾಗಿ ಆಮ್ಲ ಆಗುತ್ತದೆ. ಆ ಆಮ್ಲ ಕಂಪ್ರೆಸರಿನ ವೈಂಡಿಂಗ್ ತಿನ್ನುತ್ತದೆ. ಮೊದಲ ದಿನ ಎಸಿ ಚೆನ್ನಾಗೇ ತಂಪು ಕೊಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಇದನ್ನು ತೆಗೆಯುವುದಕ್ಕೇ ವ್ಯಾಕ್ಯೂಮ್ ಪಂಪ್. ಒತ್ತಡ ಸಾಕಷ್ಟು ಇಳಿದಾಗ ಕೋಣೆಯ ಬಿಸಿಗೇ ನೀರು ಕುದಿದು ಆವಿಯಾಗಿ ಹೊರಬರುತ್ತದೆ. ಅದಕ್ಕೆ ಹೊತ್ತು ಬೇಕು. ನಮ್ಮಲ್ಲಿ ಪಂಪ್ ಅರ್ಧ ಗಂಟೆ ಓಡುತ್ತದೆ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ವ್ಯಾಕ್ಯೂಮನ್ನು ಸೂಕ್ಷ್ಮವಾಗಿ ಅಳೆಯುವ ಮೈಕ್ರಾನ್ ಗೇಜ್ ಇದ್ದರೆ ಅಂಕಿ 500ರ ಕೆಳಗೆ ಇಳಿಯಬೇಕು. ಬರೀ ಮುಳ್ಳಿನ ಗೇಜ್ ಇದ್ದರೆ ಒಂದು ವಿಷಯ ಗೊತ್ತಿರಲಿ. ಮಂಗಳೂರಿನಲ್ಲಿ 30 ಇಂಚಿನ (ಪಾದರಸದ ಲೆಕ್ಕದ ಒತ್ತಡ) ಹತ್ತಿರ ಹೋಗುವ ಮುಳ್ಳು ಬೆಂಗಳೂರಿನಲ್ಲಿ 27ರ ಆಸುಪಾಸು ನಿಲ್ಲುತ್ತದೆ. ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿರುವ ಊರಲ್ಲಿ ಹೊರಗಿನ ಗಾಳಿಯ ಒತ್ತಡವೇ ಅಷ್ಟು. ಅದು ಪಂಪಿನ ದೋಷ ಅಲ್ಲ. ಆಮೇಲೆ ಪಂಪ್ ವಾಲ್ವ್ ಮುಚ್ಚಿ ಹತ್ತು ಹದಿನೈದು ನಿಮಿಷ ಕಾಯಬೇಕು. ಮುಳ್ಳು ವಾಪಸ್ ಬಂದರೆ ಎಲ್ಲೋ ಲೀಕ್ ಇದೆ. ಬರದಿದ್ದರೆ ಮಾತ್ರ ಅಲೆನ್ ಕೀ ಹಾಕಿ ಗ್ಯಾಸ್ ಬಿಡುವುದು.

ಇಷ್ಟು ಮಾಡದವರು ಏನು ಮಾಡುತ್ತಾರೆ ಗೊತ್ತಾ? ಒಂದು ನಟ್ ಸಡಿಲ ಬಿಟ್ಟು, ಔಟ್‌ಡೋರಿನ ಗ್ಯಾಸನ್ನೇ ಎರಡು ಮೂರು ಸೆಕೆಂಡ್ ಹೊಡೆದು ಗಾಳಿ ತಳ್ಳುತ್ತಾರೆ. ಎರಡು ನಿಮಿಷದ ಕೆಲಸ. ತೇವ ಒಳಗೇ ಉಳಿಯುತ್ತದೆ, ಅಳೆದು ತುಂಬಿದ ಗ್ಯಾಸ್ ಕಡಿಮೆಯಾಗುತ್ತದೆ. ಅದೂ ಅಲ್ಲದೆ ಆರ್32 ಬೆಂಕಿ ಹತ್ತಿಕೊಳ್ಳುವ ಗ್ಯಾಸ್. ಹಾಗಾಗಿ ಬುಕ್ ಮಾಡುವಾಗಲೇ ಕೇಳಿ, "ವ್ಯಾಕ್ಯೂಮ್ ಪಂಪ್ ತರ್ತೀರಲ್ವಾ?" ಇಲ್ಲ ಅಂದರೆ ಬೇರೆಯವರನ್ನು ಕರೆಯಿರಿ. ತಂದವರಿಗೆ ಅರ್ಧ ಗಂಟೆ ಜಾಸ್ತಿ ಕೂರುವುದಕ್ಕೆ ಬಿಡಿ, ಟೀ ಕೊಡಿ, ಅವಸರ ಮಾಡಬೇಡಿ. ಒಂದು ದಿನಕ್ಕೆ ಏಳೆಂಟು ಮನೆ ಮುಗಿಸು ಎಂದು ಕಳಿಸಿದ ಹುಡುಗನಿಗೆ ಈ ಅರ್ಧ ಗಂಟೆ ಎಲ್ಲಿಂದ ಬರಬೇಕು? ಸಂಬಳ ಕೊಡುವವರು ಇದನ್ನು ಯೋಚಿಸಬೇಕು.

ಪೈಪ್ ಉದ್ದವಾದರೆ ಮ್ಯಾನುಯಲ್‌ನಲ್ಲಿ ಹೇಳಿದ ಮಿತಿಯ ಮೇಲೆ ಪ್ರತಿ ಮೀಟರಿಗೆ ಇಷ್ಟು ಗ್ರಾಂ ಎಂದು ಗ್ಯಾಸ್ ಸೇರಿಸಬೇಕು. ತಕ್ಕಡಿ ಇಟ್ಟೇ ಸೇರಿಸಬೇಕು. ಉಳಿದ ಪೈಪನ್ನು ಸುರುಳಿ ಸುತ್ತಿ ಹಿಂದೆ ತುರುಕುವುದು ಬೇಡ.

ಗ್ಯಾಸ್ ಬಿಟ್ಟ ಮೇಲೆ ನಾಲ್ಕೂ ಜಾಯಿಂಟಿಗೆ ಸೋಪಿನ ನೊರೆ ಹಚ್ಚಿಸಿ, ಗುಳ್ಳೆ ಬರಬಾರದು. ಇದನ್ನು ನಿಮ್ಮ ಕಣ್ಣಾರೆ ನೋಡಿ. ಡ್ರೈನ್ ಪರೀಕ್ಷೆಯನ್ನು ನೀವೇ ಮಾಡಿ. ಫಿಲ್ಟರ್ ತೆಗೆದು ಕಾಯಿಲ್ ಮೇಲೆ ಒಂದು ಲೀಟರ್ ನೀರು ನಿಧಾನವಾಗಿ ಸುರಿಯಿರಿ, ವೈರುಗಳಿರುವ ಬಲಗಡೆ ಬಿಟ್ಟು. ನೀರಷ್ಟೂ ಹೊರಗಿನ ಪೈಪಿನ ತುದಿಗೆ ಬರಬೇಕು. ಆ ತುದಿ ಬಕೆಟಿನ ನೀರಿನಲ್ಲಿ ಮುಳುಗಿರಬಾರದು, ಮಧ್ಯದಲ್ಲಿ ಪೈಪ್ ಎಲ್ಲೂ ಮೇಲೇರಬಾರದು. ಗೋಡೆ ನೆನೆಯುತ್ತಿದೆ ಎಂದು ಬರುವ ದೂರು ಹೆಚ್ಚಾಗಿ ಇದರಿಂದಲೇ. ಹೋಗುವ ಮೊದಲು ಬಿಲ್ಲಿನ ಮೇಲೆ ಮೂರು ವಿಷಯ ಬರೆಸಿಕೊಳ್ಳಿ: ಪೈಪ್ ಎಷ್ಟು ಮೀಟರ್, ಗ್ಯಾಸ್ ಎಷ್ಟು ಗ್ರಾಂ ಸೇರಿಸಿದರು, ವ್ಯಾಕ್ಯೂಮ್ ಎಷ್ಟು ಹೊತ್ತು ಮಾಡಿದರು. ವಾರಂಟಿ ಕೇಳುವಾಗ ಬೇಕಾಗುತ್ತದೆ.

ಬಾಡಿಗೆ ಮನೆಯವರಿಗೆ ಇನ್ನೊಂದು ಮಾತು. ಮನೆ ಬದಲಿಸುವಾಗ "ಬಿಚ್ಚೋದು ತಾನೇ" ಎಂದು ನೀವೇ ಕೈ ಹಾಕಬೇಡಿ. ಬಿಚ್ಚುವ ಮೊದಲು ಎಸಿ ಓಡಿಸಿ ಗ್ಯಾಸನ್ನೆಲ್ಲ ಔಟ್‌ಡೋರಿಗೆ ಎಳೆದು ಮುಚ್ಚಬೇಕು. ಆಗ ಪೈಪ್ ಸಡಿಲವಿದ್ದರೆ ಕಂಪ್ರೆಸರ್ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ಗಾಳಿ, ಎಣ್ಣೆ, ಒತ್ತಡ, ಬಿಸಿ ಸೇರಿದರೆ ಅದು ಸಿಡಿಯಬಹುದು. ಇದಕ್ಕೂ ಕೆಲಸ ಗೊತ್ತಿರುವವರನ್ನೇ ಕರೆಯಿರಿ. ಬಿಚ್ಚಿದ ತಕ್ಷಣ ಪೈಪಿನ ಬಾಯಿಗಳಿಗೆ ಟೇಪ್ ಸುತ್ತಿಸಿ. ಹೊಸ ಮನೆಯಲ್ಲಿ ಹಳೆಯ ಫ್ಲೇರ್ ಕತ್ತರಿಸಿ ಹೊಸದು ಮಾಡಿಸಿ, ಪಂಪ್ ಮತ್ತೆ ಅರ್ಧ ಗಂಟೆ ಓಡಲಿ.