ಮರುಭೂಮಿ ಮಣ್ಣು ಬೇಸಾಯಕ್ಕೆ ಒಗ್ಗುತ್ತದೆಯೇ? ಉಪಗ್ರಹ ಚಿತ್ರದಿಂದ ಮಣ್ಣಿನ ಗುಂಡಿಯವರೆಗೆ

ಉಪಗ್ರಹದ ಕ್ಯಾಮೆರಾ ನೋಡುವುದು ನೆಲದ ಮೈಯನ್ನು ಮಾತ್ರ. ಗೋಚರ ಬೆಳಕಾಗಲಿ ಅವಕೆಂಪಾಗಲಿ ಮಣ್ಣಿನೊಳಗೆ ಒಂದೆರಡು ಮಿಲಿಮೀಟರ್ ಕೂಡ ಸರಿಯಾಗಿ ಇಳಿಯುವುದಿಲ್ಲ. ಬೇರಿಗೆ ಬೇಕಾದದ್ದು ಒಂದು ಮೀಟರ್ ಆಳ. ಆದ್ದರಿಂದ ಚಿತ್ರವನ್ನು ಎಲ್ಲೆ ಗುರುತಿಸಲು, ಎಲ್ಲಿ ತೋಡಬೇಕೆಂದು ನಿರ್ಧರಿಸಲು ಬಳಸಿ. ಯೋಗ್ಯತೆಯ ದರ್ಜೆಯನ್ನು ಗುಂಡಿ ತೋಡಿ ನೋಡಿದ ಮೇಲೆಯೇ ಬರೆಯಿರಿ.

ನಕ್ಷೆಯ ಪ್ರಮಾಣ

1:50,000 ನಕ್ಷೆಯಲ್ಲಿ ಒಂದು ಚದರ ಸೆಂಟಿಮೀಟರ್ ಎಂದರೆ ನೆಲದ ಮೇಲೆ 25 ಹೆಕ್ಟೇರ್. 1:10,000ರಲ್ಲಿ 1 ಹೆಕ್ಟೇರ್. ನಕ್ಷೆಯ ಚದರ ಸೆಂಟಿಮೀಟರಿಗೆ ಒಂದು ವೀಕ್ಷಣೆ ಎಂಬ ರೂಢಿಯ ಲೆಕ್ಕ ಹಿಡಿದರೆ, 5,000 ಹೆಕ್ಟೇರಿಗೆ ಮೊದಲನೆಯದರಲ್ಲಿ 200 ಕಡೆ, ಎರಡನೆಯದರಲ್ಲಿ 5,000 ಕಡೆ ಮಣ್ಣು ನೋಡಬೇಕು. ಮೊದಲು ಒರಟು ನಕ್ಷೆ ಮಾಡಿ, ಆಶಾದಾಯಕ ಜಾಗಗಳಲ್ಲಷ್ಟೇ ವಿವರಕ್ಕೆ ಇಳಿಯುವುದು ಇದೇ ಕಾರಣಕ್ಕೆ.

ಚಿತ್ರ ಮತ್ತು ಅದರ ಮೋಸಗಳು

ಸೆಂಟಿನೆಲ್-2 ಉಪಗ್ರಹ ಗೋಚರ ಬ್ಯಾಂಡುಗಳಲ್ಲಿ (ಬೆಳಕಿನ ತರಂಗಪಟ್ಟಿಗಳಲ್ಲಿ) 10 ಮೀಟರ್, ಕಿರುತರಂಗ ಅವಕೆಂಪಿನಲ್ಲಿ 20 ಮೀಟರ್ ವಿವರ ಕೊಡುತ್ತದೆ. ಲ್ಯಾಂಡ್‌ಸ್ಯಾಟ್‌ನ 30 ಮೀಟರ್ ಚಿತ್ರಗಳು 1982ರಿಂದ ಇವೆ. ಉಪ್ಪು ವರ್ಷದಿಂದ ವರ್ಷಕ್ಕೆ ಎತ್ತ ಹರಡಿತು ಎಂದು ನೋಡಲು ಅವೇ ಬೇಕು. ಮಳೆ ಬಿದ್ದ ಕೂಡಲೇ ಉಪ್ಪು ಕರಗಿ ಕೆಳಗಿಳಿಯುತ್ತದೆ, ಒಣಗುತ್ತಾ ಬಂದಂತೆ ಮತ್ತೆ ಮೇಲೇರಿ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಹಾಗಾಗಿ ಒಣಗಾಲದ ಕೊನೆಯದೊಂದು, ಮಳೆಯಾದ ತಕ್ಷಣದ್ದೊಂದು, ಕನಿಷ್ಠ ಎರಡು ಚಿತ್ರ ಬೇಕು. ಮಳೆಯ ನಂತರ ಬಹಳ ದಿನ ಕಪ್ಪಗೇ ಉಳಿಯುವ ಜಾಗದಲ್ಲಿ ಜೇಡಿ ಹೆಚ್ಚಿರಬಹುದು, ಇಲ್ಲವೇ ಅಂತರ್ಜಲ ಮೇಲೆಯೇ ಇರಬಹುದು.

ಗಿಡಗಂಟಿ ವಿರಳವಾದ ಕಡೆ, ಹಸಿರಿನ ಪ್ರಮಾಣ ಅಳೆಯುವ ಸೂಚ್ಯಂಕವಾದ ಎನ್‌ಡಿವಿಐ ಬೆಲೆಯನ್ನು ಹೊಳೆಯುವ ಮಣ್ಣೇ ಕೆಡಿಸುತ್ತದೆ. ಅಲ್ಲಿ ಮಣ್ಣಿನ ಪ್ರಭಾವ ತಗ್ಗಿಸುವ ಸ್ಯಾವಿ ಸೂಚ್ಯಂಕ ಬಳಸಿ (ಇದರಲ್ಲಿ ಅವಕೆಂಪು ಎಂದರೆ ಸಮೀಪ ಅವಕೆಂಪು):

ಸ್ಯಾವಿ = 1.5 × (ಅವಕೆಂಪು − ಕೆಂಪು) ÷ (ಅವಕೆಂಪು + ಕೆಂಪು + 0.5)

ಪ್ರತಿಫಲನ 0ರಿಂದ 1ರ ಅಳತೆಯಲ್ಲಿರಬೇಕು. ಸೆಂಟಿನೆಲ್ ಕಡತದ ಅಂಕಿಗಳು 10,000ದಿಂದ ಗುಣಿಸಿದವು. ಹಾಗೆಯೇ ಹಾಕಿದರೆ ಆ 0.5 ಲೆಕ್ಕಕ್ಕೇ ಬರುವುದಿಲ್ಲ, ಸಿಗುವುದು ಎನ್‌ಡಿವಿಐನ ಒಂದೂವರೆ ಪಟ್ಟು, ಅಷ್ಟೇ. 2022ರ ಜನವರಿ 25ರಿಂದ ಬಂದ ಕಡತಗಳಲ್ಲಿ ಮೊದಲು 1,000 ಕಳೆದು ಆಮೇಲೆ ಭಾಗಿಸಬೇಕು. ಮರೆತರೆ ಹಳೆಯ ಚಿತ್ರಕ್ಕೂ ಹೊಸದಕ್ಕೂ ಇಲ್ಲದ ವ್ಯತ್ಯಾಸ ಕಾಣಿಸುತ್ತದೆ.

ಇನ್ನು ಬಿಳಿ ಮಚ್ಚೆಗಳು. ಅಡುಗೆ ಉಪ್ಪು, ಜಿಪ್ಸಂ, ಸುಣ್ಣ, ಬೆಣಚುಕಲ್ಲಿನ ಮರಳು ಎಲ್ಲವೂ ಚಿತ್ರದಲ್ಲಿ ಬೆಳ್ಳಗೇ ಕಾಣುತ್ತವೆ. ಜಿಪ್ಸಂ ಸುಮಾರು 1.75 ಮೈಕ್ರೋಮೀಟರಿನಲ್ಲಿ, ಸುಣ್ಣ 2.33ರ ಆಸುಪಾಸಿನಲ್ಲಿ ಬೆಳಕು ಹೀರುತ್ತವೆ. ಸೆಂಟಿನೆಲ್‌ನ ಕಿರುತರಂಗ ಬ್ಯಾಂಡುಗಳ ನಡುಬಿಂದುವೋ 1.61 ಮತ್ತು 2.19, ಹಾಗಾಗಿ ಆ ಗುರುತುಗಳು ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ಒಣ ಉಪ್ಪಿಗಂತೂ ಈ ತರಂಗಪಟ್ಟಿಯಲ್ಲಿ ತನ್ನದೇ ಗುರುತೇ ಇಲ್ಲ. ಬ್ಯಾಂಡುಗಳಿಂದ ಲೆಕ್ಕ ಹಾಕಿದ ಲವಣ ಸೂಚ್ಯಂಕದ ನಕ್ಷೆಯನ್ನು ಹೊಳಪಿನ ನಕ್ಷೆ ಎಂದಷ್ಟೇ ಓದಿ.

ಕಲ್ಲುಹಾಸು ಇನ್ನೊಂದು ಬಲೆ. ಮೇಲೆ ಒಂದೇ ಪದರ ಗರಸು, ಅದನ್ನು ಕೈಯಿಂದ ಸರಿಸಿದರೆ ಕೆಳಗೆ ನುಣುಪಾದ ಗೋಡು ಮಣ್ಣು ಇರಬಹುದು. ಚಿತ್ರ ಇಡೀ ಜಾಗವನ್ನು ಕಲ್ಲುನೆಲ ಎಂದು ವಿಂಗಡಿಸಿಬಿಡುತ್ತದೆ. ತದ್ವಿರುದ್ಧವಾಗಿ, ನೋಡಲು ಚೆಂದದ ಸಮತಟ್ಟು ನೆಲದಡಿ 40 ಸೆಂಟಿಮೀಟರಿಗೇ ಸುಣ್ಣದ ಗಟ್ಟಿ ಪದರ ಸಿಗಬಹುದು. ತೀರಾ ಒಣ ಮರಳಿನಲ್ಲಿ ದೀರ್ಘ ತರಂಗದ ರಾಡಾರ್ ಮಾತ್ರ ಒಂದೆರಡು ಮೀಟರ್ ಇಳಿಯಬಲ್ಲದು. 1981ರಲ್ಲಿ ಬಾಹ್ಯಾಕಾಶ ನೌಕೆಯ ರಾಡಾರ್ ಸಹಾರಾದ ಮರಳಡಿಯ ಹಳೆಯ ನದಿಪಾತ್ರಗಳನ್ನು ತೋರಿಸಿದ್ದು ಹಾಗೆ.

ಗುಂಡಿಯಲ್ಲಿ

0–30, 30–60, 60–100 ಸೆಂಟಿಮೀಟರಿನ ಮಾದರಿಗಳನ್ನು ಬೇರೆಬೇರೆಯಾಗಿ ತೆಗೆಯಿರಿ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟಾಗ ನೊರೆಯೆದ್ದರೆ ಸುಣ್ಣ. ಜಿಪ್ಸಂ ಒಂದೇ ಇದ್ದರೆ ನೊರೆಯೇಳುವುದಿಲ್ಲ. ಜಿಪ್ಸಂ ಇರುವ ಮಣ್ಣನ್ನು 105 ಡಿಗ್ರಿ ಒಲೆಯಲ್ಲಿ ಒಣಗಿಸಬೇಡಿ. ಅದರ ತೂಕದ ಸುಮಾರು 21% ಹರಳಿನೊಳಗಿನ ನೀರೇ, ಆ ಬಿಸಿಗೆ ಅದೂ ಹಾರಿ ತೇವಾಂಶದ ಲೆಕ್ಕ ತಪ್ಪುತ್ತದೆ. 40–50 ಡಿಗ್ರಿ ಸಾಕು.

ಉಪ್ಪಿನ ಪ್ರಮಾಣ ತಿಳಿಸುವ ವಿದ್ಯುತ್ ವಾಹಕತೆಯನ್ನು ನೀರು ತುಂಬಿದ ಮಣ್ಣಿನ ಮುದ್ದೆಯ ಸಾರದಲ್ಲಿ ಅಳೆಯಬೇಕು. 1:5 ದ್ರಾವಣದ (ಒಂದು ಪಾಲು ಮಣ್ಣು, ಐದು ಪಾಲು ನೀರು) ಅಂಕಿಯನ್ನು ಅದಕ್ಕೆ ನೇರ ಹೋಲಿಸಬಾರದು. ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಅದು ಚೌಳು ಮಣ್ಣು. ಆದರೆ ಜಿಪ್ಸಂ ಒಂದೇ ಕರಗಿದರೂ ಸುಮಾರು 2.2 ತೋರಿಸುತ್ತದೆ, ಅಷ್ಟಕ್ಕೆ ಗಾಬರಿ ಬೇಡ. ವಿನಿಮಯ ಸೋಡಿಯಂ (ಮಣ್ಣಿನ ಕಣಗಳಿಗೆ ಅಂಟಿದ ಧನ ಅಯಾನುಗಳಲ್ಲಿ ಸೋಡಿಯಂನ ಪಾಲು) 15% ಮೀರಿದರೆ ಮಣ್ಣಿನ ಕಣ ಚದುರಿ ನೀರು ಇಂಗುವುದು ನಿಲ್ಲುತ್ತದೆ.

ಮರಳು ಮಣ್ಣು ಮೀಟರಿಗೆ 70 ಮಿಲಿಮೀಟರ್ ನೀರು ಹಿಡಿದಿಡುತ್ತದೆ ಎನ್ನೋಣ. ಅರ್ಧ ಬಳಸಿ ಮತ್ತೆ ಕೊಡುವುದಾದರೆ ಕೈಯಲ್ಲಿರುವುದು 35. ದಿನಕ್ಕೆ 8 ಮಿಲಿಮೀಟರ್ ಕುಡಿಯುವ ಬೆಳೆಗೆ ಅದು ನಾಲ್ಕೇ ದಿನದ ಮಾತು. ಇಲ್ಲಿ ಹನಿ ನೀರಾವರಿಯೇ ಸರಿ, ಕಾಲುವೆ ಹಾಯಿಸುವುದು ವ್ಯರ್ಥ.

ದರ್ಜೆ ಬರೆಯುವಾಗ

ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) 1976ರಲ್ಲಿ ಕೊಟ್ಟ ಚೌಕಟ್ಟಿನಲ್ಲಿ ಎಸ್1, ಎಸ್2, ಎಸ್3 ಯೋಗ್ಯ. ಎನ್1 ಸದ್ಯಕ್ಕೆ ಅಯೋಗ್ಯ. ಎನ್2 ಕಾಯಂ ಅಯೋಗ್ಯ. ದರ್ಜೆ ಯಾವ ಬೆಳೆಗೆ ಎಂದು ಹೇಳದಿದ್ದರೆ ಅದಕ್ಕೆ ಅರ್ಥವಿಲ್ಲ. ವಾಹಕತೆ 6 ಇರುವ ಹೊಲದಲ್ಲಿ ಬಾರ್ಲಿ ಪೂರ್ತಿ ಇಳುವರಿ ಕೊಡಬಲ್ಲದು, ಅದರ ಮಿತಿ 8. ಬೀನ್ಸ್‌ನ ಮಿತಿ 1, ಮೇಲಿನ ಪ್ರತಿ ಅಂಕಕ್ಕೆ 19% ನಷ್ಟ. ಅಲ್ಲಿಗೆ ಉಳಿಯುವುದು 5%.

ಜಿಐಎಸ್‌ನಲ್ಲಿ (ಕಂಪ್ಯೂಟರ್ ನಕ್ಷೆಯ ತಂತ್ರಾಂಶದಲ್ಲಿ) ಮಣ್ಣು, ಇಳಿಜಾರಿನಂಥ ನಕ್ಷೆ ಪದರಗಳಿಗೆ ಅಂಕ ಕೊಟ್ಟು ಸರಾಸರಿ ತೆಗೆಯುವುದೇ ಹೆಚ್ಚಾಗಿ ಆಗುವ ತಪ್ಪು. 40 ಸೆಂಟಿಮೀಟರಿನ ಗಟ್ಟಿ ಪದರವನ್ನು ಒಳ್ಳೆಯ ಇಳಿಜಾರು ಸರಿದೂಗಿಸಲಾರದು. ಅತಿ ಕೆಟ್ಟ ಗುಣವೇ ದರ್ಜೆ ತೀರ್ಮಾನಿಸಲಿ, ಅದರ ಪಕ್ಕದಲ್ಲೇ ಕಾರಣ ಬರೆಯಿರಿ. ಬಸಿಗಾಲುವೆ ತೆಗೆದು ನೀರು ಹಾಯಿಸಿದರೆ ತೊಳೆದುಹೋಗುವ ಉಪ್ಪು ಎನ್1ರಲ್ಲಿ ಬರುತ್ತದೆ, ತೆಳುಮಣ್ಣಿನಡಿಯ ಒಡೆಯಲಾಗದ ಬಂಡೆ ಎನ್2ರಲ್ಲಿ.