ಸಮುದ್ರದ ನೀರಿನಿಂದ ಹೈಡ್ರೋಜನ್: ತಕರಾರೆಲ್ಲ ಪ್ಲಸ್ ಕಡೆಯದ್ದು

ಒಂದು ಲೋಟ ನೀರಿಗೆ ಎರಡು ಚಮಚ ಅಡುಗೆ ಉಪ್ಪು ಹಾಕಿ ಕಲಕಿ. ಎರಡೂ ತುದಿ ಚೂಪು ಮಾಡಿದ ಎರಡು ಪೆನ್ಸಿಲ್ ಇಳಿಸಿ, ಮೇಲಿನ ತುದಿಗಳಿಗೆ 9 ವೋಲ್ಟ್ ಬ್ಯಾಟರಿಯ ವೈರ್ ಸುತ್ತಿ. ಮೈನಸ್ ಕಡೆ ಸಣ್ಣ ಗುಳ್ಳೆಗಳು ಸರಸರ ಏಳುತ್ತವೆ. ಅದು ಹೈಡ್ರೋಜನ್. ಪ್ಲಸ್ ಕಡೆ ಆಕ್ಸಿಜನ್ ಬರಬೇಕು ಅಲ್ವಾ? ಸ್ವಲ್ಪ ಹೊತ್ತಿಗೆ ಮೂಗಿಗೆ ಬಡಿಯುವುದು ಬ್ಲೀಚಿಂಗ್ ಪೌಡರ್‌ನ ಘಾಟು. ಕ್ಲೋರಿನ್! ಕಿಟಕಿ ತೆಗೆದು, ಬ್ಯಾಟರಿ ಬಿಚ್ಚಿಬಿಡಿ.

ಸಮುದ್ರದ ನೀರಿನಿಂದ ಹಸಿರು ಹೈಡ್ರೋಜನ್ (ಅಂದರೆ ಬಿಸಿಲು, ಗಾಳಿಯ ಕರೆಂಟಿನಿಂದ ತೆಗೆದದ್ದು) ತೆಗೆಯಲು ಹೊರಟವರೆಲ್ಲ ಇಷ್ಟು ವರ್ಷ ಗುದ್ದಾಡುತ್ತಿರುವುದು ಈ ಘಾಟಿನ ಜೊತೆಗೇ.

ನೀರನ್ನು ಕರೆಂಟಿನಿಂದ ಒಡೆಯುವುದು ಹಳೇ ವಿದ್ಯೆ. 1800ರಲ್ಲಿ ಇಂಗ್ಲೆಂಡಿನ ನಿಕಲ್ಸನ್ ಮತ್ತು ಕಾರ್ಲೈಲ್, ವೋಲ್ಟಾ ಆಗಷ್ಟೇ ಕಂಡುಹಿಡಿದಿದ್ದ ಬ್ಯಾಟರಿಯ ತಂತಿಗಳನ್ನು ನೀರಿಗಿಳಿಸಿದರು. ಹಿತ್ತಾಳೆ ತಂತಿ ಹಾಕಿದಾಗ ಒಂದು ಕಡೆ ಹೈಡ್ರೋಜನ್ ಬಂತು, ಇನ್ನೊಂದು ಕಡೆ ತಂತಿಯೇ ಕೆಟ್ಟಿತು. ಪ್ಲಾಟಿನಂ ಹಾಕಿದ ಮೇಲೆ ಆಕ್ಸಿಜನ್ ಕಂಡಿತು. ಪ್ಲಸ್ ಕಡೆ ಯಾವ ಲೋಹ ಬಾಳುತ್ತದೆ ಎಂಬ ಪ್ರಶ್ನೆ ಆಗಲೇ ಶುರುವಾಗಿತ್ತು.

ಉಪ್ಪುನೀರು ಬಂದಾಗ ಆ ಪ್ರಶ್ನೆ ಇನ್ನೂ ಬಿಗಿಯಾಯಿತು. ಒಂದು ಲೀಟರ್ ಸಮುದ್ರದ ನೀರಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಲೋರೈಡ್. ಲೆಕ್ಕದ ಪ್ರಕಾರ ಆಕ್ಸಿಜನ್‌ಗೆ 1.23 ವೋಲ್ಟ್ ಸಾಕು, ಕ್ಲೋರಿನ್‌ಗೆ 1.36 ಬೇಕು. ಹಾಗಾದರೆ ಆಕ್ಸಿಜನ್ನೇ ಮೊದಲು ಬರಬೇಕಿತ್ತು. ಆದರೆ ಒಂದು ಆಕ್ಸಿಜನ್ ಅಣು ಆಗಬೇಕಾದರೆ ನಾಲ್ಕು ಎಲೆಕ್ಟ್ರಾನ್ ಕಳಚಬೇಕು, ಅದೂ ಹಂತ ಹಂತವಾಗಿ. ಕ್ಲೋರಿನ್‌ಗೆ ಎರಡೇ ಸಾಕು. ಆಕ್ಸಿಜನ್ ನಾಲ್ಕು ಕೌಂಟರ್ ಸುತ್ತಿ ಬರುವಷ್ಟರಲ್ಲಿ ಕ್ಲೋರಿನ್ ಎರಡರಲ್ಲೇ ಕೆಲಸ ಮುಗಿಸಿ ಹೊರಗೆ ನಿಂತಿರುತ್ತದೆ.

ಇದನ್ನು ಸರಿಮಾಡಲು ಬೇಕಾದದ್ದೇ ಕೆಟಲಿಸ್ಟ್, ಪಠ್ಯಪುಸ್ತಕದ ಮಾತಲ್ಲಿ ವೇಗವರ್ಧಕ. ಎಲೆಕ್ಟ್ರೋಡಿನ, ಅಂದರೆ ಕರೆಂಟ್ ಕೊಡಲು ನೀರಿಗಿಳಿಸುವ ತುದಿಯ ಮೇಲೆ ಬಳಿಯುವ ತೆಳು ಪದರ ಅದು. ಆಕ್ಸಿಜನ್‌ನ ದಾರಿ ಸಲೀಸು ಮಾಡಬೇಕು, ಕ್ಲೋರಿನ್‌ನದ್ದನ್ನು ಹಾಗೇ ಬಿಡಬೇಕು.

ತಮಾಷೆ ಅಂದರೆ, ಉದ್ಯಮ ದಶಕಗಟ್ಟಲೆ ಮಾಡಿದ್ದು ಇದರ ಉಲ್ಟಾ ಕೆಲಸ. ಕಾರವಾರದ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆ ಇದೆ. ಇಂಥ ಕಡೆ ಉಪ್ಪುನೀರಿಗೆ ಕರೆಂಟ್ ಕೊಡುವುದೇ ಸೋಡಾ ಮತ್ತು ಕ್ಲೋರಿನ್‌ಗಾಗಿ. ಹೈಡ್ರೋಜನ್ ಜೊತೆಗೆ ಸಿಗುವ ಸರಕು. 1960ರ ದಶಕದಲ್ಲಿ ಹೆನ್ರಿ ಬೀರ್ ಎಂಬಾತ ಟೈಟಾನಿಯಂ ಮೇಲೆ ರುಥೇನಿಯಂ ಆಕ್ಸೈಡ್ ಬಳಿದ ಎಲೆಕ್ಟ್ರೋಡ್ ತಂದ. ಸವೆದು ಹೋಗುತ್ತಿದ್ದ ಗ್ರಾಫೈಟ್‌ಗೆ ರಜೆ ಸಿಕ್ಕಿತು. ಅದು ಕ್ಲೋರಿನ್ ತೆಗೆಯುವುದರಲ್ಲಿ ಎಷ್ಟು ಪಳಗಿದೆ ಅಂದರೆ, ಇವತ್ತಿಗೂ ಆ ಉದ್ಯಮ ನಡೆಯುತ್ತಿರುವುದು ಬಹುಪಾಲು ಅಂಥ ಪದರದ ಮೇಲೆ.

ಕ್ಲೋರಿನ್ ಬಂದರೆ ಬರಲಿ, ಮಾರೋಣ ಅಂತೀರಾ? ಒಂದು ಕಿಲೋ ಹೈಡ್ರೋಜನ್‌ಗೆ 35 ಕಿಲೋ ಕ್ಲೋರಿನ್ ಏಳುತ್ತದೆ. 2023ರ ಜನವರಿಯಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ನ ಗುರಿ 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್. ಅಷ್ಟನ್ನೂ ಹೀಗೆ ತೆಗೆದರೆ 17.5 ಕೋಟಿ ಟನ್ ಕ್ಲೋರಿನ್! ಇಡೀ ಜಗತ್ತು ಬಳಸುವುದಕ್ಕಿಂತ ಜಾಸ್ತಿ. ಎಲ್ಲಿ ಇಡೋದು?

ಮೊದಲ ಗಟ್ಟಿ ಉತ್ತರ ಬಂದದ್ದು 1980ರಲ್ಲಿ. ಬೆನೆಟ್ ಎಂಬ ಸಂಶೋಧಕ ಮ್ಯಾಂಗನೀಸ್ ಡೈಆಕ್ಸೈಡ್ ಪದರ ಹಾಕಿ ನೋಡಿದಾಗ, ಪ್ಲಸ್ ಕಡೆ ಬಂದದ್ದು ಹೆಚ್ಚುಕಡಿಮೆ ಪೂರ್ತಿ ಆಕ್ಸಿಜನ್ನೇ. ಆ ಪದರ ಜರಡಿಯ ಥರ, ನೀರನ್ನು ಒಳಗೆ ಬಿಟ್ಟು ಕ್ಲೋರೈಡನ್ನು ತಡೆಯುತ್ತದೆ. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಕೋಜಿ ಹಾಶಿಮೊಟೊ ತಂಡ ಮ್ಯಾಂಗನೀಸ್‌ಗೆ ಮಾಲಿಬ್ಡಿನಂ, ಟಂಗ್‌ಸ್ಟನ್ ಬೆರೆಸಿ ವರ್ಷಗಟ್ಟಲೆ ಇದನ್ನೇ ಬೆಳೆಸಿತು.

2016ರಲ್ಲಿ ಬರ್ಲಿನ್‌ನ ಪೀಟರ್ ಸ್ಟ್ರಾಸರ್ ತಂಡ ಬೇರೆ ದಾರಿ ತೋರಿಸಿತು. ನೀರಿಗೆ ಕ್ಷಾರ ಬೆರೆಸಿ. ಆಗ ಆಕ್ಸಿಜನ್‌ಗೂ ಕ್ಲೋರಿನ್ ಕಡೆಯ ಕ್ರಿಯೆಗೂ ನಡುವಿನ ಅಂತರ ಸುಮಾರು 0.48 ವೋಲ್ಟ್‌ಗೆ ಹಿಗ್ಗುತ್ತದೆ. ಅಷ್ಟರೊಳಗೆ ಕೆಲಸ ಮುಗಿಸುವ ಕೆಟಲಿಸ್ಟ್ ಇದ್ದರೆ ಕ್ಲೋರಿನ್ ಕಾಟ ಇಲ್ಲ. ನಿಕಲ್ ಮತ್ತು ಕಬ್ಬಿಣದ ಹೈಡ್ರಾಕ್ಸೈಡ್ ಅದನ್ನು ಮಾಡಿತು. ರುಥೇನಿಯಂ, ಇರಿಡಿಯಂಗಳ ದುಬಾರಿ ಸಹವಾಸವೂ ತಪ್ಪಿತು.

ಆದರೂ ಕ್ಲೋರೈಡ್ ಸುಮ್ನೆ ಕೂರುವುದಿಲ್ಲ, ಲೋಹವನ್ನು ಕೊರೆಯುತ್ತದೆ. ಸಮುದ್ರದ ನೀರಲ್ಲಿ ಬರೀ ಲೋಹದ ಆನೋಡ್ (ಪ್ಲಸ್ ಕಡೆಯ ಎಲೆಕ್ಟ್ರೋಡ್) ಬಾಳುವುದು ಹನ್ನೆರಡು ಗಂಟೆಯ ಲೆಕ್ಕದಲ್ಲಿ. 2019ರಲ್ಲಿ ಸ್ಟ್ಯಾನ್‌ಫೋರ್ಡ್‌ನ ಹೊಂಗ್ಜಿ ದಾಯ್ ತಂಡ ನಿಕಲ್ ಫೋಮ್ ಮೇಲೆ ನಿಕಲ್ ಸಲ್ಫೈಡ್, ಅದರ ಮೇಲೆ ನಿಕಲ್-ಕಬ್ಬಿಣದ ಪದರ ಹಾಕಿತು. ಕರೆಂಟ್ ಹರಿದಂತೆ ಅಲ್ಲೇ ಹುಟ್ಟುವ ಸಲ್ಫೇಟ್ ಕ್ಲೋರೈಡನ್ನು ದೂರ ತಳ್ಳುತ್ತದೆ. ಆ ಆನೋಡ್ 1,000 ಗಂಟೆ ದಾಟಿತು.

ಮೈನಸ್ ಕಡೆಗೂ ಒಂದು ಸಣ್ಣ ಪೀಡೆ ಇದೆ. ಬೋರ್‌ವೆಲ್ ನೀರಿನ ಗೀಸರ್ ಕಾಯಿಲ್ ಬಿಚ್ಚಿ ನೋಡಿದ್ದೀರಾ? ಅಂಥದ್ದೇ ಬಿಳಿ ಪೊರೆ, ಇಲ್ಲಿ ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂನದ್ದು. 2023ರ ಆರಂಭದಲ್ಲಿ ಅಡಿಲೇಡ್‌ನ ಶಿಝಾಂಗ್ ಚಿಯಾವ್ ತಂಡ ಕೋಬಾಲ್ಟ್ ಆಕ್ಸೈಡ್ ಮೇಲೆ ಕ್ರೋಮಿಯಂ ಆಕ್ಸೈಡ್ ಹಾಕಿತು. ಅದು ಎಲೆಕ್ಟ್ರೋಡಿನ ಪಕ್ಕದಲ್ಲಷ್ಟೇ ಕ್ಷಾರ ಹಿಡಿದಿಡುತ್ತದೆ. ಹೊರಗಿಂದ ಏನೂ ಬೆರೆಸದೆ ಕ್ಲೋರಿನ್, ಬಿಳಿ ಪೊರೆ ಎರಡಕ್ಕೂ ಲಗಾಮು. ಅದೇ ವರ್ಷ ಐಐಟಿ ಮದ್ರಾಸ್‌ನವರು ಲೋಹದ ಬದಲು ಇಂಗಾಲದ ಆಧಾರ, ಅಗ್ಗದ ಸೆಲ್ಯುಲೋಸ್ ತಡಿಕೆ ಬಳಸಿದ ಘಟಕ ತೋರಿಸಿದರು.

ಇಷ್ಟೆಲ್ಲ ಯಾಕೆ, ಉಪ್ಪು ತೆಗೆದೇ ಒಡೆಯಬಾರದೇ? ನ್ಯಾಯವಾದ ಪ್ರಶ್ನೆ. ಆರ್‌ಓ ಘಟಕದಲ್ಲಿ ಸಾವಿರ ಲೀಟರ್ ಸಮುದ್ರದ ನೀರು ಸಿಹಿಯಾಗಲು 3-4 ಯೂನಿಟ್ ಕರೆಂಟ್ ಸಾಕು. ಒಂದು ಕಿಲೋ ಹೈಡ್ರೋಜನ್‌ಗೆ ಬೇಕಾದ ನೀರು ಲೆಕ್ಕದಲ್ಲಿ 9 ಲೀಟರ್, ಅದನ್ನು ಒಡೆಯಲು ಬೇಕಾದ ಕರೆಂಟ್ 50 ಯೂನಿಟ್‌ಗೂ ಮೇಲೆ. ಉಪ್ಪು ತೆಗೆಯುವ ಖರ್ಚು ಒಂದು ಯೂನಿಟ್‌ನ ಹತ್ತನೇ ಒಂದು ಭಾಗವೂ ಇಲ್ಲ. ದಡದ ಮೇಲೆ ಘಟಕ ಹಾಕುವವರಿಗೆ ನನ್ನ ಓಟು ಆರ್‌ಓಗೇ. ಜಾಗವೇ ಇಲ್ಲದ ಕಡಲ ನಡುವಿನ ಗಾಳಿಯಂತ್ರಗಳ ಹತ್ತಿರ ಮಾತು ಬೇರೆ.

ಅಲ್ಲಿಗೂ ಒಂದು ಅಡ್ಡದಾರಿ ಸಿಕ್ಕಿದೆ, ಮತ್ತು ಅದರಲ್ಲಿ ಕೆಟಲಿಸ್ಟಿನ ಪಾತ್ರ ಕಮ್ಮಿ. ಪ್ಲಂಬರ್ ನಲ್ಲಿ ಕೂರಿಸುವಾಗ ಸುತ್ತುವ ಬಿಳಿ ಟೆಫ್ಲಾನ್ ಟೇಪ್ ಗೊತ್ತಲ್ವಾ? ಅದೇ ವಸ್ತುವಿನ, ಕಣ್ಣಿಗೆ ಕಾಣದ ತೂತುಗಳ ಹಾಳೆಯನ್ನು ಶೆನ್‌ಝೆನ್‌ನ ಷಿಯೆ ಹೆಪಿಂಗ್ ತಂಡ ಸಮುದ್ರದ ನೀರಿಗೂ ಒಳಗಿನ ಗಾಢ ಕ್ಷಾರದ ದ್ರಾವಣಕ್ಕೂ ನಡುವೆ ಕಟ್ಟಿತು. ನೀರು ಆವಿಯಾಗಿ ಮಾತ್ರ ದಾಟುತ್ತದೆ, ಉಪ್ಪು ಹೊರಗೇ ಉಳಿಯುತ್ತದೆ. 2022ರಲ್ಲಿ ಪ್ರಕಟವಾದ ಪ್ರಯೋಗ 3,200 ಗಂಟೆ ನಡೆದಿತ್ತು. ಮರುವರ್ಷ ಫುಜಿಯಾನ್ ಕರಾವಳಿಯಲ್ಲಿ ತೇಲುವ ವೇದಿಕೆಯ ಮೇಲೆ, ಗಾಳಿ-ಅಲೆಗಳ ನಡುವೆಯೂ ಅದನ್ನು ಓಡಿಸಿ ನೋಡಿದರು.

3,200 ಗಂಟೆ ಅಂದರೆ ನಾಲ್ಕೂವರೆ ತಿಂಗಳಿಗೂ ಸ್ವಲ್ಪ ಕಮ್ಮಿ. ಸಿಹಿನೀರಿನ ಘಟಕ ಕೊಳ್ಳುವವರು ಕೇಳುವುದು 60,000 ಗಂಟೆ.